ಗೂಢಲಿಪಿ ಕಡತಗಳು ಕೈತಪ್ಪುವುದು: ಆದವಾನಿ ಮತ್ತು ಪಶ್ಚಿಮ ಕರ್ನೂಲು

ಕಚೇರಿಯ ಕಂಪ್ಯೂಟರುಗಳೆಲ್ಲ ಹಂಚಿಕೊಳ್ಳುವ ನೆಟ್‌ವರ್ಕ್ ಡ್ರೈವಿನಲ್ಲಿ ಗೂಢಲಿಪಿಗೆ ತಿರುಗಿಸಿ ಇಟ್ಟ ಕಡತ ಇದ್ದಲ್ಲೇ ಇದ್ದು, ಅದನ್ನು ಓದುವ ಕೀಲಿಕೈ ಮಾತ್ರ ಇಲ್ಲವಾಗುವ ಸ್ಥಿತಿಯನ್ನೇ ಇಲ್ಲಿ ಕಡತ ಕೈತಪ್ಪುವುದು ಎಂದಿದೆ. ಕಡತದ ಹೆಸರು, ಗಾತ್ರ, ಕೊನೆಯ ಸಲ ತಿದ್ದಿದ ದಿನಾಂಕ ಎಲ್ಲವೂ ಪರದೆಯ ಮೇಲೆ ಕಾಣುತ್ತವೆ. ತೆರೆಯಲು ಹೋದರೆ ‘ಆಕ್ಸೆಸ್ ಡಿನೈಡ್’ ಎಂಬ ಉತ್ತರ ಬರುತ್ತದೆ, ಇಲ್ಲವೇ ಅರ್ಥವಿಲ್ಲದ ಅಕ್ಷರಗಳ ರಾಶಿ ತೆರೆದುಕೊಳ್ಳುತ್ತದೆ. ಹಾಳೆಯ ಕಡತಕ್ಕೆ ಗೆದ್ದಲು ಹಿಡಿದರೂ ಒಂದಿಷ್ಟು ಓದಲು ಉಳಿಯುತ್ತದೆ. ಗೂಢಲಿಪಿ ಕಡತಕ್ಕೆ ಅರ್ಧಂಬರ್ಧ ಉಳಿಯುವುದೆಂಬುದಿಲ್ಲ. ಈಗ ರೂಢಿಯಲ್ಲಿರುವ ಎಇಎಸ್-256 ಕ್ರಮದಲ್ಲಿ ಸಾಧ್ಯವಿರುವ ಕೀಲಿಕೈಗಳ ಎಣಿಕೆ 78 ಅಂಕಿಗಳ ಸಂಖ್ಯೆ. ಒಂದೊಂದಾಗಿ ಹಾಕಿ ನೋಡಿ ತೆರೆಯುತ್ತೇನೆಂದರೆ ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಸೇರಿಸಿದರೂ ಆಗದು.

ಕೈತಪ್ಪುವುದಕ್ಕೆ ಮುಖ್ಯವಾಗಿ ಮೂರು ದಾರಿ. ಕಂಪ್ಯೂಟರ್ ತಾನೇ ಮಾಡಿಟ್ಟುಕೊಂಡ ಕೀಲಿಕೈ ಯಂತ್ರದ ಜೊತೆಗೇ ಹೋಗುವುದು ಒಂದು. ಮನುಷ್ಯ ಇಟ್ಟ ಗುಪ್ತಪದ ಮರೆತುಹೋಗುವುದು, ಅಥವಾ ಅದನ್ನು ಬಲ್ಲವರು ವರ್ಗವಾಗಿಯೋ ನಿವೃತ್ತರಾಗಿಯೋ ಹೊರಟುಹೋಗುವುದು ಎರಡನೆಯದು. ಹೊರಗಿನ ದುಷ್ಕರ್ಮಿ ನುಗ್ಗಿ ನಮ್ಮ ಕಡತಕ್ಕೆ ತನ್ನ ಬೀಗ ಜಡಿದು ಹಣ ಕೇಳುವುದು ಮೂರನೆಯದು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಮೂರನೆಯದೇ ಆದರೂ ಮೊದಲಿನ ಎರಡನ್ನು ತಡೆಯುವುದು ಸಂಪೂರ್ಣವಾಗಿ ಕಚೇರಿಯ ಕೈಯಲ್ಲೇ ಇದೆ. ಆದ್ದರಿಂದ ಈ ಲೇಖನದಲ್ಲಿ ಅವುಗಳಿಗೆ ಹೆಚ್ಚು ಜಾಗ ಕೊಟ್ಟಿದೆ.

ಪ್ರದೇಶ ಮತ್ತು ಕಚೇರಿಗಳು

ಪಶ್ಚಿಮ ಕರ್ನೂಲು ಎಂದರೆ ತುಂಗಭದ್ರೆಯ ಬಲದಂಡೆಯ ಸೀಮೆ: ಆದವಾನಿ, ಆಲೂರು, ಎಮ್ಮಿಗನೂರು, ಮಂತ್ರಾಲಯ, ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ. ಹೊಳೆಯ ಆಚೆ ರಾಯಚೂರು ಜಿಲ್ಲೆ, ಪಡುವಣಕ್ಕೆ ಬಳ್ಳಾರಿ ಜಿಲ್ಲೆ. 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಸೇರಿದ್ದ ಆದವಾನಿ ಆಮೇಲೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾದವು. ಮೊದಲೆರಡು ಕರ್ನೂಲಿಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ ಹೋಯಿತು. 2022ರ ಏಪ್ರಿಲ್ 4ರಂದು ನಂದ್ಯಾಲ ಪ್ರತ್ಯೇಕ ಜಿಲ್ಲೆಯಾದ ಮೇಲೆ ಉಳಿದ ಕರ್ನೂಲು ಜಿಲ್ಲೆಯಲ್ಲಿ ಆದವಾನಿ ಒಂದು ಕಂದಾಯ ವಿಭಾಗದ ಕೇಂದ್ರ. ಆಡಳಿತ ತೆಲುಗಿನಲ್ಲಿ ನಡೆಯುತ್ತದೆ. ಗಡಿಯ ಊರುಗಳಲ್ಲಿ ಬಹಳ ಮನೆಗಳ ಮಾತು ಕನ್ನಡ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ, ಪೇಟೆಯಲ್ಲಿ ಉರ್ದು ಬಳಕೆಯಲ್ಲಿದೆ. ಕಂಪ್ಯೂಟರಿನ ತಂತ್ರಾಂಶ ಮಾತ್ರ ಇಂಗ್ಲಿಷಿನದು. ಈ ನುಡಿಗಳ ಬೆರಕೆಗೂ ಗುಪ್ತಪದಕ್ಕೂ ಇರುವ ನಂಟನ್ನು ಮುಂದೆ ನೋಡಬಹುದು.

ಆಂಧ್ರಪ್ರದೇಶದ ನೋಂದಣಿ ಕಚೇರಿಗಳು 1998ರಲ್ಲಿ ಮೊದಲಾದ ‘ಕಾರ್ಡ್’ ಯೋಜನೆಯ ಮೂಲಕ ಕಂಪ್ಯೂಟರಿಗೆ ಬಂದವು. 2019ರ ಅಕ್ಟೋಬರ್ 2ರಿಂದ ಗ್ರಾಮ ಸಚಿವಾಲಯಗಳು ಬಂದು, ಹಳ್ಳಿಯ ಮಟ್ಟದಲ್ಲೂ ಡಿಜಿಟಲ್ ಕಡತ ನೋಡಿಕೊಳ್ಳುವ ನೌಕರರು ನೇಮಕವಾದರು. ಆದವಾನಿಯ ಕೃಷಿ ಮಾರುಕಟ್ಟೆ ಹತ್ತಿಗೆ ಹೆಸರಾದದ್ದು. ದೇಶದ ಆನ್‌ಲೈನ್ ಕೃಷಿ ಮಾರುಕಟ್ಟೆಯಾದ ಈ-ನಾಮ್ ಜಾಲಕ್ಕೂ ಅದು ಸೇರಿದೆ. ಮಾರುಕಟ್ಟೆಯ ಸುತ್ತ ಜಿನ್ನಿಂಗ್ ಮಿಲ್ಲುಗಳು, ದಲ್ಲಾಳಿ ಅಂಗಡಿಗಳು, ಎಣ್ಣೆ ಗಿರಣಿಗಳು, ಲೆಕ್ಕಪತ್ರದ ಕಚೇರಿಗಳು ಇವೆ. ಸರಕಾರದ ದೊಡ್ಡ ಜಾಲಗಳನ್ನು ರಾಜ್ಯಮಟ್ಟದಲ್ಲಿ ನೋಡಿಕೊಳ್ಳುವವರಿದ್ದಾರೆ. ಮಿಲ್ಲು, ಅಂಗಡಿ, ಶಾಲೆಗಳಂಥ ಸಣ್ಣ ಕಚೇರಿಯಲ್ಲಿ ‘ಸರ್ವರ್’ ಎಂದರೆ ಸಾಮಾನ್ಯವಾಗಿ ಮೂಲೆಯಲ್ಲಿಟ್ಟ ಒಂದು ಸಾಧಾರಣ ಕಂಪ್ಯೂಟರು. ಅದರ ಒಂದು ಫೋಲ್ಡರನ್ನು ಉಳಿದವರು ‘ಝಡ್ ಡ್ರೈವ್’ ಎಂದು ತಮ್ಮ ಪರದೆಯಲ್ಲಿ ನೋಡುತ್ತಾರೆ. ಅಂಥ ಜಾಲದಲ್ಲಿ ಕೀಲಿಕೈ ಎಲ್ಲಿದೆ, ಯಾರ ಹೊಣೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಯಂತ್ರ ಮಾಡಿದ ಕೀಲಿಕೈ

ವಿಂಡೋಸ್ 2000ದ ಜೊತೆ ಮೈಕ್ರೋಸಾಫ್ಟ್ ಸಂಸ್ಥೆ ‘ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಂ’ ಎಂಬ ಸೌಲಭ್ಯ ತಂದಿತು, ಚಿಕ್ಕದಾಗಿ ಇಎಫ್‌ಎಸ್. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕು, ಒಳಗಿನ ಕಡತಗಳೆಲ್ಲ ಗೂಢಲಿಪಿಗೆ ತಿರುಗುತ್ತವೆ. ಗುಪ್ತಪದ ಕೇಳುವುದಿಲ್ಲ, ಎಚ್ಚರಿಕೆಯೂ ಹೆಚ್ಚೇನಿಲ್ಲ. ಹಳೆಯ ವಿಂಡೋಸ್‌ಗಳಲ್ಲಿ ಇಂಥ ಕಡತದ ಹೆಸರು ಹಸಿರು ಬಣ್ಣಕ್ಕೆ ತಿರುಗುತ್ತಿತ್ತು, ವಿಂಡೋಸ್ 10ರಲ್ಲಿ ಗುರುತಿನ ಮೂಲೆಯಲ್ಲೊಂದು ಪುಟ್ಟ ಬೀಗ ಕಾಣುತ್ತದೆ. ಬಳಸುವವರಿಗೆ ಬೇರೇನೂ ವ್ಯತ್ಯಾಸ ತಿಳಿಯದು. ಇಷ್ಟು ಸುಲಭವಾಗಿರುವುದೇ ಇದರ ಅಪಾಯ.

ಒಳಗೆ ನಡೆಯುವುದು ಹೀಗೆ. ಪ್ರತಿ ಕಡತಕ್ಕೂ ಒಂದು ಬೇರೆ ಕೀಲಿಕೈ ಹುಟ್ಟುತ್ತದೆ. ಆ ಕೀಲಿಕೈಯನ್ನು ಬಳಕೆದಾರರ ಪ್ರಮಾಣಪತ್ರದ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಡತದ ತಲೆಬರಹದಲ್ಲೇ ಇಡಲಾಗುತ್ತದೆ. ಅದನ್ನು ಬಿಚ್ಚಬಲ್ಲ ಖಾಸಗಿ ಕೀಲಿ ಇರುವುದು ಬಳಕೆದಾರರ ಪ್ರೊಫೈಲಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅವರ ಖಾತೆಗೆ ಮೀಸಲಾದ ಫೋಲ್ಡರಿನಲ್ಲಿ. ಅದಕ್ಕೂ ಲಾಗಿನ್ ಗುಪ್ತಪದದ ಆಧಾರದ ಮೇಲೆ ಇನ್ನೊಂದು ಹೊದಿಕೆ ಇರುತ್ತದೆ. ಅಂದರೆ ಕಡತ, ಪ್ರೊಫೈಲು, ಗುಪ್ತಪದ ಮೂರೂ ಕೂಡಿದರೆ ಮಾತ್ರ ಓದು. ಕಡತವೊಂದನ್ನೇ ಎಷ್ಟು ಜೋಪಾನವಾಗಿ ಕಾದರೂ ಪ್ರಯೋಜನವಿಲ್ಲ.

ನೆಟ್‌ವರ್ಕ್ ಡ್ರೈವಿನಲ್ಲಿ ಒಂದು ಸುತ್ತು ಹೆಚ್ಚು. ಕಡತ ಸರ್ವರಿನಲ್ಲಿದ್ದರೆ ಗೂಢಲಿಪಿಗೆ ತಿರುಗಿಸುವ ಕೆಲಸವನ್ನು ಸರ್ವರೇ ಬಳಕೆದಾರರ ಪರವಾಗಿ ಮಾಡುತ್ತದೆ. ಅದಕ್ಕೆ ಡೊಮೈನ್ ವ್ಯವಸ್ಥೆ, ಅಂದರೆ ಕಚೇರಿಯ ಖಾತೆಗಳನ್ನೆಲ್ಲ ಒಂದೇ ಕಡೆಯಿಂದ ನಿಯಂತ್ರಿಸುವ ಏರ್ಪಾಡು, ಆ ಸರ್ವರಿಗೆ ಪ್ರತಿನಿಧಿಯ ಅಧಿಕಾರ ಕೊಟ್ಟಿರಬೇಕು. ಜೊತೆಯಲ್ಲೇ ಓಡಾಡುವ ಪ್ರೊಫೈಲಿನ ಏರ್ಪಾಡು ಇಲ್ಲದಿದ್ದರೆ ಸರ್ವರು ಆ ಬಳಕೆದಾರರ ಹೆಸರಿನಲ್ಲಿ ತನ್ನೊಳಗೊಂದು ಪ್ರೊಫೈಲು ತೆರೆದು ಕೀಲಿಕೈಯನ್ನು ಅಲ್ಲಿಡುತ್ತದೆ. ಬಳಕೆದಾರರು ಕೀಲಿಕೈ ತಮ್ಮ ಮೇಜಿನ ಯಂತ್ರದಲ್ಲಿದೆ ಎಂದುಕೊಂಡಿರುತ್ತಾರೆ, ಅಲ್ಲಿರುವುದೇ ಇಲ್ಲ. ಸರ್ವರು ಹಳೆಯದಾಯಿತೆಂದು ಹೊಸದನ್ನು ತಂದು, ದತ್ತಾಂಶದ ಡಿಸ್ಕನ್ನು ಮಾತ್ರ ಅದಕ್ಕೆ ಜೋಡಿಸಿ, ಹಳೆಯ ಯಂತ್ರವನ್ನು ಗುಜರಿಗೆ ಹಾಕಿದರೆ ಕಡತಗಳು ಬರುತ್ತವೆ, ಕೀಲಿಕೈ ಗುಜರಿಗೆ ಹೋಗುತ್ತದೆ. ತಿಂಗಳುಗಳ ನಂತರ ಯಾರೋ ಹಳೆಯ ವರ್ಷದ ಲೆಕ್ಕ ತೆರೆಯಲು ಹೋದಾಗಲೇ ಇದು ತಿಳಿಯುವುದು.

ಡೊಮೈನ್ ಇಲ್ಲದೆ ಬರೀ ವರ್ಕ್‌ಗ್ರೂಪಿನಲ್ಲಿ ಸೇರಿಸಿದ ನಾಲ್ಕು ಕಂಪ್ಯೂಟರುಗಳ ಕಚೇರಿಯಲ್ಲಿ ಕಥೆ ಬೇರೆ. ‘ಸರ್ವರ್’ ಆಗಿರುವ ಯಂತ್ರದಲ್ಲಿ ಕುಳಿತವರು ಹಂಚಿಕೆಯ ಫೋಲ್ಡರಿಗೆ ಇಎಫ್‌ಎಸ್ ಗುರುತು ಹಾಕಿದ ಕ್ಷಣವೇ ಉಳಿದವರಿಗೆ ಬಾಗಿಲು ಮುಚ್ಚುತ್ತದೆ, ಕೀಲಿಕೈ ಒಬ್ಬರದೇ ಹೆಸರಿನಲ್ಲಿರುತ್ತದೆ. ಆ ಒಬ್ಬರ ವಿಂಡೋಸ್ ಗುಪ್ತಪದ ಮರೆತು ಹೋಗಿ, ಸರ್ವಿಸ್‌ನವರು ಬಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಹೊಸ ಗುಪ್ತಪದ ಹಾಕಿಕೊಟ್ಟರೆ ಲಾಗಿನ್ ಆಗುತ್ತದೆ, ಕಡತ ತೆರೆಯುವುದಿಲ್ಲ. ಹಳೆಯ ಗುಪ್ತಪದದ ಹೊದಿಕೆ ಹೊಸದಕ್ಕೆ ಬಿಚ್ಚುವುದಿಲ್ಲ. ಹಳೆಯ ಗುಪ್ತಪದ ಆಮೇಲೆ ನೆನಪಾದರೆ ಅದನ್ನೇ ಮತ್ತೆ ಇಟ್ಟು ಕಡತಗಳನ್ನು ತೆರೆಯುವ ಅವಕಾಶವಿದೆ. ಇದು ಗೊತ್ತಿಲ್ಲದೆ ಯಂತ್ರವನ್ನೇ ಫಾರ್ಮ್ಯಾಟ್ ಮಾಡಿಬಿಟ್ಟರೆ ಇದ್ದ ದಾರಿಯೂ ಹೋಯಿತು. ಡೊಮೈನ್ ಇರುವ ಕಡೆ ಅದನ್ನು ನಡೆಸುವ ಸರ್ವರಾದ ಡೊಮೈನ್ ಕಂಟ್ರೋಲರಿನಲ್ಲಿ ಈ ಹೊದಿಕೆಗೆ ಒಂದು ಬದಲಿ ಕೀಲಿ ಇರುವುದರಿಂದ ಬರೀ ಗುಪ್ತಪದ ಬದಲಾಯಿಸಿದ್ದಕ್ಕೆ ಈ ಪಾಡು ಬರುವುದಿಲ್ಲ.

ಇಂಥ ದಿನಕ್ಕೆಂದೇ ಇಎಫ್‌ಎಸ್‌ನಲ್ಲಿ ‘ರಿಕವರಿ ಏಜೆಂಟ್’ ಎಂಬ ಏರ್ಪಾಡಿದೆ. ಪ್ರತಿ ಕಡತದ ಕೀಲಿಕೈಯ ಇನ್ನೊಂದು ಪ್ರತಿಯನ್ನು ಸಂಸ್ಥೆಯ ಅಧಿಕೃತ ಪ್ರಮಾಣಪತ್ರದಿಂದ ಮುಚ್ಚಿ ಕಡತದಲ್ಲೇ ಇಡುತ್ತದೆ. ಡೊಮೈನಿನಲ್ಲಿ ಇದು ತಾನಾಗಿಯೇ ಸಿದ್ಧವಾಗುತ್ತದೆ. ಆದರೆ ಅದರ ಖಾಸಗಿ ಕೀಲಿ ಇರುವುದು ಮೊಟ್ಟಮೊದಲು ಸ್ಥಾಪಿಸಿದ ಡೊಮೈನ್ ಕಂಟ್ರೋಲರಿನ ಅಡ್ಮಿನಿಸ್ಟ್ರೇಟರ್ ಪ್ರೊಫೈಲಿನಲ್ಲಿ. ಪ್ರಮಾಣಪತ್ರದ ಆಯುಸ್ಸು ಸಾಮಾನ್ಯವಾಗಿ 3 ವರ್ಷ. ಆ ಮೊದಲ ಯಂತ್ರವನ್ನು ತೆಗೆದುಹಾಕುವ ಮುನ್ನ ಕೀಲಿಯನ್ನು ಹೊರಗೆ ತೆಗೆದಿಡದಿದ್ದರೆ ಇಡೀ ಸಂಸ್ಥೆಯ ಬದಲಿ ಕೀಲಿಕೈ ಒಮ್ಮೆಗೇ ಇಲ್ಲವಾಗುತ್ತದೆ. ಅವಧಿ ಮುಗಿದ ಪ್ರಮಾಣಪತ್ರವನ್ನು ಎಸೆಯುವುದೂ ತಪ್ಪೇ, ಹಳೆಯ ಕಡತಗಳನ್ನು ತೆರೆಯಲು ಅದು ಮುಂದೆಯೂ ಬೇಕು. ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ ಡೊಮೈನ್ ಇಲ್ಲದ ಯಂತ್ರಗಳಲ್ಲಿ ರಿಕವರಿ ಏಜೆಂಟ್ ಕಡ್ಡಾಯವಲ್ಲ. ಯಾರೂ ಮಾಡಿಡದಿದ್ದರೆ ಇರುವುದೇ ಇಲ್ಲ.

ಬ್ಯಾಕಪ್ ಇದೆಯಲ್ಲ ಎಂದು ಸಮಾಧಾನಪಡುವವರಿಗೂ ಒಂದು ಮಾತು. ಬ್ಯಾಕಪ್ ತಂತ್ರಾಂಶ ಇಎಫ್‌ಎಸ್ ಕಡತವನ್ನು ಗೂಢಲಿಪಿಯ ರೂಪದಲ್ಲೇ ನಕಲು ಮಾಡಬಹುದು. ಹಾಗಾದಲ್ಲಿ ಎಷ್ಟು ಪ್ರತಿ ಇದ್ದರೂ ಅವೆಲ್ಲ ಒಂದೇ ಬೀಗದ ಹಿಂದಿನ ಪ್ರತಿಗಳು.

ಇಡೀ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ವಿಂಡೋಸ್ ವಿಸ್ಟಾದ ಜೊತೆ ಬಂದದ್ದು. ಇದರ ಬದಲಿ ಕೀಲಿ 48 ಅಂಕಿಗಳದು, 6 ಅಂಕಿಗಳ 8 ಗುಂಪು. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಒಂದು ಅಪ್‌ಡೇಟ್ ಬಂದರೂ, ಯಂತ್ರ ಈ ಅಂಕಿಗಳನ್ನು ಕೇಳುತ್ತದೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ತಯಾರಿಸುವ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಕಂಪ್ಯೂಟರುಗಳು ನಿಂತಾಗ ಅನೇಕ ಸಂಸ್ಥೆಗಳಿಗೆ ಈ ಕೀಲಿಗಳು ಒಮ್ಮೆಲೇ ಬೇಕಾದವು. ಕೀಲಿಗಳನ್ನಿಟ್ಟ ಸರ್ವರುಗಳೇ ನಿಂತಿದ್ದ ಕಡೆ ಪರದಾಟ ಇಮ್ಮಡಿಯಾಯಿತು. ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಟ್ಟಿದ್ದರೆ ಬೇಗ ಪಾರಾಗಬಹುದಿತ್ತು.

ದಲ್ಲಾಳಿ ಅಂಗಡಿಯ ಲೆಕ್ಕ

ಆದವಾನಿಯ ಹತ್ತಿ ವ್ಯಾಪಾರದಲ್ಲಿ ಗೂಢಲಿಪಿ ಎಲ್ಲಕ್ಕಿಂತ ಹತ್ತಿರ ಬರುವುದು ಲೆಕ್ಕಪತ್ರದ ಮೂಲಕ. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶ ದೇಶದ ಸಣ್ಣ ವ್ಯಾಪಾರಸ್ಥರಲ್ಲಿ ಎಷ್ಟು ಹರಡಿದೆಯೆಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದಕ್ಕೇ ‘ಟ್ಯಾಲಿ ಮಾಡುವುದು’ ಎನ್ನುತ್ತಾರೆ. ಹಲವರು ಕೂಡಿ ಬಳಸುವ ಅಂಗಡಿಯಲ್ಲಿ ಟ್ಯಾಲಿಯ ದತ್ತಾಂಶ ಇರುವುದು ಹಂಚಿಕೆಯ ಡ್ರೈವಿನಲ್ಲಿ. ಅದರಲ್ಲಿ ಎರಡು ಬಗೆಯ ರಕ್ಷಣೆ ಇದೆ, ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ತೊಂದರೆ ಬರುತ್ತದೆ. ಒಂದು, ಯಾರು ಏನು ನೋಡಬಹುದು ಎಂದು ನಿರ್ಧರಿಸುವ ಬಳಕೆದಾರರ ಗುಪ್ತಪದ. ಇನ್ನೊಂದು ಟ್ಯಾಲಿವಾಲ್ಟ್, ಇದು ಇಡೀ ಕಂಪನಿಯ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುತ್ತದೆ, ಪಟ್ಟಿಯಲ್ಲಿ ಕಂಪನಿಯ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆಗಳಷ್ಟೇ ಕಾಣುತ್ತವೆ. ಟ್ಯಾಲಿವಾಲ್ಟಿನ ಗುಪ್ತಪದ ಮರೆತರೆ ದತ್ತಾಂಶ ಮರಳಿ ಪಡೆಯಲಾಗದು ಎಂದು ಸಂಸ್ಥೆಯೇ ಸ್ಪಷ್ಟವಾಗಿ ಹೇಳುತ್ತದೆ.

ಅದು ಮಾಲೀಕರ ತಲೆನೋವು ಮಾತ್ರವಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ದಲ್ಲಾಳಿ ಅಂಗಡಿಯ ಲೆಕ್ಕದಲ್ಲಿ ರೈತನಿಗೆ ಕೊಟ್ಟ ಮುಂಗಡ, ತೂಕದ ಚೀಟಿ, ಹಮಾಲಿ, ಕಮಿಷನ್ ಎಲ್ಲ ಇರುತ್ತವೆ. ಗುಮಾಸ್ತರು ಕೆಲಸ ಬಿಟ್ಟುಹೋದಾಗ ಅವರ ತಲೆಯಲ್ಲಿದ್ದ ಗುಪ್ತಪದ ಜೊತೆಗೆ ಹೋಗಿಬಿಟ್ಟರೆ ತೊಂದರೆಗೆ ಸಿಕ್ಕುವವರಲ್ಲಿ ಕೌತಾಳಂನಿಂದಲೋ ಹೊಳಗುಂದದಿಂದಲೋ ಗಾಡಿ ತುಂಬ ಹತ್ತಿ ತಂದ ರೈತನೂ ಒಬ್ಬ. ತನ್ನ ಬಾಕಿಯ ಲೆಕ್ಕ ಕೇಳಲು ಅವನಿಗೆ ಬೇರೆ ದಾಖಲೆ ಇಲ್ಲದಿರಬಹುದು.

ಎಕ್ಸೆಲ್, ವರ್ಡ್ ಕಡತಗಳ ಗುಪ್ತಪದದ ವಿಷಯದಲ್ಲಿ ವರ್ಷ ಮುಖ್ಯ. ಆಫೀಸ್ 97ರಿಂದ 2003ರವರೆಗಿನ ಕಡತಗಳಲ್ಲಿ ಸಾಮಾನ್ಯವಾಗಿದ್ದ 40 ಬಿಟ್‌ನ ಬೀಗ ಇಂದು ಸುಲಭವಾಗಿ ಒಡೆಯುತ್ತದೆ. 2007ರಿಂದ ಎಇಎಸ್ ಬಂತು, ಆಮೇಲಿನ ಆವೃತ್ತಿಗಳು ಇನ್ನೂ ಗಟ್ಟಿ. ಹಾಳೆ ತಿದ್ದದಂತೆ ಹಾಕುವ ‘ಪ್ರೊಟೆಕ್ಟ್ ಶೀಟ್’ ಗೂಢಲಿಪಿಯೇ ಅಲ್ಲ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಎರಡು ಲಿಪಿಯ ಸೀಮೆಯಲ್ಲಿ ಗುಪ್ತಪದ

ಈ ಭಾಗದ ಕಚೇರಿಗೇ ವಿಶಿಷ್ಟವಾದ ತೊಡಕೊಂದಿದೆ. ಕೇಂದ್ರ ಸರಕಾರ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಭಾರತೀಯ ಲಿಪಿಗಳಿಗೆಲ್ಲ ಸಮಾನ: ಕನ್ನಡದ ‘ಕ’ ಯಾವ ಕೀಲಿಯಲ್ಲಿದೆಯೋ ತೆಲುಗಿನ ‘ಕ’ ಕೂಡ ಅದರಲ್ಲೇ. ಎರಡು ಲಿಪಿಗಳ ಅಕ್ಷರಗಳು ನೋಡಲೂ ಅಣ್ಣತಮ್ಮಂದಿರು. ಆದರೆ ಕಂಪ್ಯೂಟರಿಗೆ ಅವು ಬೇರೆಬೇರೆ ಸಂಕೇತಗಳು. ಯೂನಿಕೋಡಿನಲ್ಲಿ ಕನ್ನಡದ ‘ಕ’ 0ಸಿ95, ತೆಲುಗಿನದು 0ಸಿ15. ಬೆಳಿಗ್ಗೆ ಕನ್ನಡ ಕೀಲಿಮಣೆಯಲ್ಲಿ ಗುಪ್ತಪದ ಇಟ್ಟು, ಮಧ್ಯಾಹ್ನ ತೆಲುಗು ವರದಿ ಟೈಪು ಮಾಡಿದ ಮೇಲೆ ಅದೇ ಬೆರಳುಗಳಿಂದ ಅದೇ ಕೀಲಿಗಳನ್ನೊತ್ತಿದರೂ ಬರುವುದು ಬೇರೆ ಪದ. ಪರದೆಯ ಮೇಲೆ ಚುಕ್ಕೆಗಳಷ್ಟೇ ಕಾಣುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಇಂಗ್ಲಿಷ್ ಗುಪ್ತಪದವನ್ನು ಇಂಡಿಕ್ ಕೀಲಿಮಣೆ ತೆರೆದಿರುವಾಗ ಒತ್ತಿದರೂ ಇದೇ ಗತಿ.

ಒಂದೇ ಲಿಪಿಯೊಳಗೂ ಎಡವುವ ಜಾಗಗಳಿವೆ. ಕನ್ನಡದ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಗುಪ್ತಪದಕ್ಕೆ ಇದೆ. ಅರ್ಕಾವತ್ತು ಬೇಡವೆಂದು ‘ರ’ಕಾರವನ್ನು ಮುಂದಿಟ್ಟು ಬರೆಯುವಾಗ ನಡುವೆ ಸೇರುವ ಕಾಣದ ಜೋಡಕ ಅಕ್ಷರವೂ ಹಾಗೆಯೇ. ಒಂದು ತಂತ್ರಾಂಶ ಇವನ್ನು ಸಮೀಕರಿಸಿ ಓದಬಹುದು, ಇನ್ನೊಂದು ಓದದಿರಬಹುದು. ಗುಪ್ತಪದ ಕನ್ನಡದಲ್ಲಿ ಇರಬಾರದೆಂದು ಇದರ ಅರ್ಥವಲ್ಲ. ನೆನಪಿನಲ್ಲಿ ಉಳಿಯುವ ಉದ್ದನೆಯ ಕನ್ನಡ ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಗುಪ್ತಪದವಾಗಿಡುವುದು ಇಂದಿನ ತಂತ್ರಾಂಶಗಳಿಗೆ ಹೊಂದುವ ದಾರಿ. ಯಾವ ಕೀಲಿಮಣೆಯಲ್ಲಿ ಇಟ್ಟದ್ದು ಎಂಬುದನ್ನೂ ಗುಪ್ತಪದದ ಜೊತೆಗೆ ಬರೆದಿಡಬೇಕು. ಕೈತಪ್ಪಿತೆಂದುಕೊಂಡ ಕಡತಕ್ಕೆ ಮೊದಲು ಮಾಡಿ ನೋಡಬೇಕಾದ್ದು ಕೀಲಿಮಣೆ ಬದಲಿಸಿ ಅದೇ ಗುಪ್ತಪದ ಒತ್ತುವುದು, ಖರ್ಚಿಲ್ಲ, ಅಪಾಯವಿಲ್ಲ.

ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಕಡತ ಹೊಸ ಯಂತ್ರದಲ್ಲಿ ಗಜಿಬಿಜಿಯಾಗಿ ತೆರೆದುಕೊಂಡಾಗ ಎನ್‌ಕ್ರಿಪ್ಟ್ ಆಗಿದೆ ಎಂದು ಭಾವಿಸುವವರಿದ್ದಾರೆ. ಅದು ಅಕ್ಷರಶೈಲಿಯ ಕೊರತೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದರೆ ಪೂರ್ತಿ ಓದಬಹುದು. ಕನ್ನಡ ಶಾಲೆಗಳ ಹಳೆಯ ಪ್ರಶ್ನೆಪತ್ರಿಕೆ, ಕಮಿಟಿಯ ನಡಾವಳಿಗಳನ್ನು ಹೀಗೆಂದು ಅಳಿಸಿಹಾಕಬಾರದು.

ಪರರ ಬೀಗ

ದುಷ್ಕರ್ಮಿಗಳು ಕಡತಕ್ಕೆ ಬೀಗ ಹಾಕಿ ಸುಲಿಗೆ ಕೇಳುವ ರ್‍ಯಾನ್ಸಮ್‌ವೇರ್ ಆಂಧ್ರಪ್ರದೇಶಕ್ಕೆ ದೊಡ್ಡದಾಗಿ ತಟ್ಟಿದ್ದು 2017ರ ಮೇ ತಿಂಗಳಲ್ಲಿ. ಮೇ 12ರಂದು ಜಗತ್ತಿನಲ್ಲಿ ಹರಡಿದ ವನ್ನಾಕ್ರೈ 150ಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿತು. ಕಡತಗಳನ್ನು ಬಿಡಿಸಿಕೊಡಲು 300 ಡಾಲರಿನಷ್ಟು ಬಿಟ್‌ಕಾಯಿನ್ ಕೇಳಿ, ಮೂರು ದಿನದ ಮೇಲೆ ಅದನ್ನು ಇಮ್ಮಡಿ ಮಾಡುತ್ತಿತ್ತು. ಆಂಧ್ರಪ್ರದೇಶ ಪೊಲೀಸ್ ಇಲಾಖೆಯ ಹಲವು ಜಿಲ್ಲೆಗಳ ಕಂಪ್ಯೂಟರುಗಳು ಅದಕ್ಕೆ ಸಿಕ್ಕವು. ತಿರುಮಲ ತಿರುಪತಿ ದೇವಸ್ಥಾನದ ಕೆಲವು ಹಳೆಯ ಯಂತ್ರಗಳಿಗೂ ಅದೇ ತಿಂಗಳು ತಗುಲಿತು. ಅದು ಹೊಕ್ಕ ಬಾಗಿಲು ಕಡತ ಹಂಚಿಕೆಯದ್ದೇ: ವಿಂಡೋಸ್‌ನ ಎಸ್‌ಎಂಬಿ ಎಂಬ ಹಂಚಿಕೆ ಪದ್ಧತಿಯ ಮೊದಲ ಆವೃತ್ತಿಯ ದೋಷ. ಅದನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದು, ಬಿಡುಗಡೆ ಮಾಡಿತ್ತು.

ಆದವಾನಿಯ ಮನೆಮನೆಗೂ ಸಂಬಂಧಿಸಿದ ಪ್ರಕರಣ 2019ರದ್ದು. ಏಪ್ರಿಲ್ ಕೊನೆಯಲ್ಲಿ ತೆಲಂಗಾಣ ಮತ್ತು ಆಂಧ್ರಪ್ರದೇಶದ ವಿದ್ಯುತ್ ವಿತರಣಾ ಸಂಸ್ಥೆಗಳ ಸರ್ವರುಗಳ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾಗಿ ಜಾಲತಾಣಗಳು, ಆನ್‌ಲೈನ್ ಬಿಲ್ ಪಾವತಿ ನಿಂತವು. ಅವುಗಳಲ್ಲಿ ತಿರುಪತಿಯಲ್ಲಿ ಮುಖ್ಯ ಕಚೇರಿಯಿರುವ ಆಂಧ್ರಪ್ರದೇಶ ದಕ್ಷಿಣ ವಿದ್ಯುತ್ ವಿತರಣಾ ಸಂಸ್ಥೆಯೂ ಒಂದು. 2014ರ ರಾಜ್ಯ ವಿಭಜನೆಯಿಂದ ಕರ್ನೂಲು ಜಿಲ್ಲೆಯ ಕರೆಂಟು ಬಿಲ್ಲು ಅದರದ್ದೇ. ದತ್ತಾಂಶದ ಬ್ಯಾಕಪ್ ಇದೆಯೆಂದು ಅಧಿಕಾರಿಗಳು ಆಗ ತಿಳಿಸಿದರು. ದೆಹಲಿಯ ಏಮ್ಸ್ ಆಸ್ಪತ್ರೆಗೆ 2022ರ ನವೆಂಬರ್ 23ರಂದು ಆದ ದಾಳಿಯಲ್ಲಿ 5 ಸರ್ವರುಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಗೆ ತಿರುಗಿತೆಂದು ಸರಕಾರ ಸಂಸತ್ತಿಗೆ ಹೇಳಿತು. ಹೊರರೋಗಿಗಳ ಚೀಟಿಯನ್ನು ಸಿಬ್ಬಂದಿ ಕೈಯಲ್ಲಿ ಬರೆದುಕೊಡಬೇಕಾಯಿತು. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲಿನ ದಾಳಿಯಿಂದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತು. ಇವು ಬಹುಪಾಲು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಪೆಟ್ಟು ಬಿದ್ದದ್ದು ಹಳ್ಳಿಯ ಗ್ರಾಹಕರಿಗೆ.

ನೆಟ್‌ವರ್ಕ್ ಡ್ರೈವ್ ಇಂಥ ದಾಳಿಗೆ ಸುಲಭದ ತುತ್ತು. ಸರ್ವರಿಗೆ ಸೋಂಕು ತಗುಲಬೇಕೆಂದೇನಿಲ್ಲ. ಒಬ್ಬ ನೌಕರರ ಯಂತ್ರದಲ್ಲಿ ಓಡುವ ದುಷ್ಟ ತಂತ್ರಾಂಶ ಅವರಿಗೆ ತಿದ್ದುವ ಹಕ್ಕಿರುವ ಎಲ್ಲ ಫೋಲ್ಡರುಗಳನ್ನೂ ಅವರ ಹೆಸರಿನಲ್ಲೇ ತಿದ್ದಿಬಿಡುತ್ತದೆ. ವಿಂಡೋಸ್ ಇಟ್ಟುಕೊಂಡಿರುವ ಹಿಂದಿನ ಆವೃತ್ತಿಗಳನ್ನೂ ಬಹುತೇಕ ಇಂಥ ತಂತ್ರಾಂಶಗಳು ಮೊದಲೇ ಅಳಿಸುತ್ತವೆ. ಎಲ್ಲರಿಗೂ ಎಲ್ಲ ಫೋಲ್ಡರಿನ ಪೂರ್ಣ ಹಕ್ಕು ಕೊಟ್ಟಿರುವ ಕಚೇರಿ ಒಂದೇ ಒಂದು ತಪ್ಪು ಕ್ಲಿಕ್ಕಿಗೆ ಸರ್ವಸ್ವವನ್ನೂ ಒಡ್ಡಿಕೊಂಡಂತೆ. ಬ್ಯಾಕಪ್ಪಿನ ಒಂದು ಪ್ರತಿಯಾದರೂ ಜಾಲದಿಂದ ಕಳಚಿ ಬೇರೆ ಕಟ್ಟಡದಲ್ಲಿರಬೇಕೆಂದು ಹೇಳುವುದು ಇದಕ್ಕೇ.

ಕಾನೂನು

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮು ಅಧಿಕಾರವುಳ್ಳವರಿಗೆ ಕಂಪ್ಯೂಟರಿನ ಪ್ರವೇಶ ತಪ್ಪಿಸುವುದನ್ನೂ ಸೇರಿಸಿ ಹಲವು ಹಾನಿಗಳಿಗೆ ಪರಿಹಾರ ಹೇಳುತ್ತದೆ. ದುರುದ್ದೇಶದಿಂದ ಮಾಡಿದರೆ 66ನೆಯ ಕಲಮಿನಡಿ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡ. ಕೆಲಸ ಬಿಡುವಾಗ ಸಿಟ್ಟಿನಿಂದ ಕಚೇರಿಯ ಕಡತಕ್ಕೆ ಗುಪ್ತಪದ ಜಡಿದು ಹೋಗುವವರಿಗೂ ಇದು ಅನ್ವಯಿಸಬಹುದು. ಅಷ್ಟಾಗಿ ಯಾರೂ ಗಮನಿಸದ, ಆದರೆ ಈ ವಿಷಯದ ತಿರುಳಾದ ಕಲಮು 7ನೆಯದು: ಕಾನೂನಿನಂತೆ ಕಾಯ್ದಿಡಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಟ್ಟರೆ ಅದು ಮುಂದೆ ಬೇಕಾದಾಗ ತೆರೆದು ಬಳಸುವಂತಿರಬೇಕು. ಡಿಸ್ಕಿನಲ್ಲಿ ಕಡತ ಇದೆ, ಓದಲಾಗದು ಎಂಬುದು ಈ ಕಲಮಿನ ಮುಂದೆ ನಿಲ್ಲುವ ಉತ್ತರವಲ್ಲ.

ರ್‍ಯಾನ್ಸಮ್‌ವೇರ್ ದಾಳಿಯಾದರೆ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ಸುಲಿಗೆ ಅಥವಾ ವಂಚನೆಯ ದೂರಿಗೆ 1930 ಸಹಾಯವಾಣಿ ಇದೆ.

ಕೀಲಿಕೈಯ ಜೋಪಾನ

ಕೀಲಿಕೈಯನ್ನು ಹೇಗೆ ಕಾಯಬೇಕೆಂದು ನಮ್ಮ ಕಚೇರಿಗಳಿಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. ಸರಕಾರಿ ಖಜಾನೆಯ ಸ್ಟ್ರಾಂಗ್ ರೂಮಿಗೆ ಡಬಲ್ ಲಾಕ್ ಪದ್ಧತಿ ಬಹಳ ಹಳೆಯದು: ಎರಡು ಬೀಗ, ಇಬ್ಬರು ಅಧಿಕಾರಿಗಳ ಬಳಿ ಒಂದೊಂದು ಕೀಲಿಕೈ, ನಕಲು ಕೀಲಿಕೈಗಳು ಮೊಹರು ಮಾಡಿದ ಲಕೋಟೆಯಲ್ಲಿ ಬೇರೆ ಕಡೆ, ಅಧಿಕಾರಿ ಬದಲಾದಾಗ ಚಾರ್ಜ್ ಪಟ್ಟಿಯಲ್ಲಿ ರುಜು. ನಾಣ್ಯದ ಚೀಲಕ್ಕೆ ಇಷ್ಟು ಎಚ್ಚರ ವಹಿಸುವ ಆಡಳಿತ ಜಮೀನಿನ ಪಟ್ಟಿಗೆ, ಸಂಬಳದ ಲೆಕ್ಕಕ್ಕೆ, ಮಕ್ಕಳ ಅಂಕಪಟ್ಟಿಗೆ ಬಿದ್ದ ಬೀಗದ ಕೀಲಿಯನ್ನು ಒಬ್ಬ ಆಪರೇಟರಿನ ನೆನಪಿಗೆ ಬಿಡುವುದು ಸರಿಯಲ್ಲ. ಇಎಫ್‌ಎಸ್ ಪ್ರಮಾಣಪತ್ರವನ್ನು ಕೀಲಿ ಸಮೇತ ಹೊರತೆಗೆದಿಟ್ಟ ಪಿಎಫ್‌ಎಕ್ಸ್ ಕಡತ, ಬಿಟ್‌ಲಾಕರಿನ 48 ಅಂಕಿ, ಟ್ಯಾಲಿವಾಲ್ಟಿನ ಗುಪ್ತಪದ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮತ್ತು ಅದರ ಪಿನ್ ಎಲ್ಲವೂ ಚಾರ್ಜ್ ಪಟ್ಟಿಗೆ ಸೇರಬೇಕು. ಹೊಸದಾಗಿ ಬಂದವರು ಆ ಕೀಲಿಕೈಯಿಂದ ಒಂದು ಕಡತವನ್ನು ನಿಜಕ್ಕೂ ತೆರೆದು ನೋಡಿ ಆಮೇಲೆ ರುಜು ಹಾಕಬೇಕು. ತೆರೆದು ನೋಡದ ಕೀಲಿಕೈಯನ್ನು ಇದೆ ಎಂದು ನಂಬುವಂತಿಲ್ಲ.

ಕಡತ ತೆರೆಯದಿದ್ದಾಗ ಮೊದಲು ತಿಳಿಯಬೇಕಾದ್ದು ತೊಂದರೆ ಅನುಮತಿಯದೋ ಗೂಢಲಿಪಿಯದೋ ಎಂಬುದು, ಏಕೆಂದರೆ ವಿಂಡೋಸ್ ಎರಡಕ್ಕೂ ‘ಆಕ್ಸೆಸ್ ಡಿನೈಡ್’ ಎಂದೇ ಹೇಳುತ್ತದೆ. ಅನುಮತಿಯದಾದರೆ ಅಡ್ಮಿನಿಸ್ಟ್ರೇಟರ್ ಒಡೆತನ ತೆಗೆದುಕೊಂಡು ಸರಿಪಡಿಸಬಹುದು. ಗೂಢಲಿಪಿಯದಾದರೆ ಅಡ್ಮಿನಿಸ್ಟ್ರೇಟರ್ ಆ ಕಡತವನ್ನು ಅಳಿಸಬಲ್ಲರು, ಓದಲಾರರು. ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಡೀಟೇಲ್ಸ್ ಒತ್ತಿದರೆ ಯಾರ ಪ್ರಮಾಣಪತ್ರದಿಂದ ತೆರೆಯುತ್ತದೆ, ರಿಕವರಿ ಏಜೆಂಟ್ ಯಾರು ಎಂಬುದು 40 ಅಕ್ಷರಗಳ ಬೆರಳಚ್ಚಿನ ಸಮೇತ ಕಾಣುತ್ತದೆ. ಹುಡುಕಬೇಕಾದ್ದು ಆ ಬೆರಳಚ್ಚಿನ ಪ್ರಮಾಣಪತ್ರವನ್ನೇ. ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದು, ಅದೇ ಗುಪ್ತಪದ ಇಟ್ಟರೂ ಹುಟ್ಟುವುದು ಬೇರೆ ಕೀಲಿ. ಹಳೆಯ ಡಿಸ್ಕ್ ಉಳಿದಿದ್ದು, ಅದರ ಪ್ರೊಫೈಲಿನೊಳಗಿನ ಕೀಲಿಗಳ ಫೋಲ್ಡರುಗಳು ಕೆಡದೆ, ಹಳೆಯ ಗುಪ್ತಪದವೂ ಗೊತ್ತಿದ್ದರೆ ಪರಿಣತರು ಕೀಲಿಯನ್ನು ಹೊರತೆಗೆಯಬಲ್ಲರು. ಗುಜರಿಯವನಿಗೆ ಕೊಡುವ ಮುನ್ನ ಸರ್ವರಿನ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ ಎಂಬ ಮಾತು ಇದರಿಂದಲೇ ಬಂದದ್ದು.

ಸುಲಿಗೆಕೋರರು ಬೀಗ ಹಾಕಿದ ಕಡತಗಳನ್ನೂ ಅಳಿಸಬಾರದು. ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಸಂಸ್ಥೆಗಳು 2016ರ ಜುಲೈಯಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ಯೋಜನೆಯಲ್ಲಿ ಹಲವು ಬಗೆಯ ರ್‍ಯಾನ್ಸಮ್‌ವೇರಿಗೆ ಬಿಡಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅವುಗಳಲ್ಲೊಂದಾದ ಗ್ಯಾಂಡ್‌ಕ್ರ್ಯಾಬ್‌ಗೆ ಬಲಿಯಾದವರಿಗೆ 2019ರಲ್ಲಿ ಕೀಲಿಗಳು ಹೊರಬಂದವು. 2024ರ ಫೆಬ್ರವರಿಯಲ್ಲಿ ಹಲವು ದೇಶಗಳ ಪೊಲೀಸರು ಇಂಥದೇ ಸುಲಿಗೆ ನಡೆಸುತ್ತಿದ್ದ ಲಾಕ್‌ಬಿಟ್ ತಂಡದ ಸರ್ವರುಗಳನ್ನು ವಶಪಡಿಸಿಕೊಂಡಾಗ ಅದರ ಕೀಲಿಗಳೂ ಸಿಕ್ಕವು. ಆ ದಿನ ಬಂದಾಗ ಗೂಢಲಿಪಿಯ ಕಡತವನ್ನು ಉಳಿಸಿಕೊಂಡವರಿಗೆ ಮಾತ್ರ ಕೀಲಿಯ ಉಪಯೋಗ. ಆದ್ದರಿಂದ ಕಡತ ತೆರೆಯಲಿಲ್ಲವೆಂದು ಯಾರು ಒತ್ತಾಯ ಮಾಡಿದರೂ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಬೇಡಿ. ಜಾಲದಿಂದ ಕಳಚಿ, ಡಿಸ್ಕನ್ನು ತೆಗೆದಿಟ್ಟು, ದಿನಾಂಕ ಬರೆದ ಚೀಟಿ ಅಂಟಿಸಿ ಕಾಯ್ದಿರಿಸಿ.